ಸಿಂಥಸೈಜರಿಗೆ ಫೇಸರ್ ಕಟ್ಟುವಾಗ ನಿಜವಾಗಿ ಕಾಡುವ ಸಂಗತಿಗಳು

ಫೇಸರ್ ಎಂದರೆ ಸದ್ದಿನ ಕೆಲವು ಆವೃತ್ತಿಗಳನ್ನು ಅಳಿಸಿ, ಆ ಅಳಿವನ್ನು ಮೇಲೆ ಕೆಳಗೆ ಸರಿಸುವ ಸಾಧನ. ಗಿಟಾರಿಗೆಂದು ರೂಪಿಸಿದ ಫೇಸರ್ ಪೆಡಲಿನ ಸರ್ಕ್ಯೂಟನ್ನು ಹಾಗೆಯೇ ತಂದು, ಬಿಡಿ ಘಟಕಗಳನ್ನು ತಂತಿಗಳಿಂದ ಜೋಡಿಸುವ ಮಾಡ್ಯುಲರ್ ಸಿಂಥಸೈಜರಿಗೆ ಜೋಡಿಸಿದರೆ ಸಾಮಾನ್ಯವಾಗಿ ಒರಟು, ಒಡೆದ ಸದ್ದು ಬರುತ್ತದೆ. ಗಿಟಾರಿನ ಪಿಕಪ್ಪಿನಿಂದ ಬರುವುದು ಕೆಲವು ನೂರು ಮಿಲಿವೋಲ್ಟ್‌ಗಳಷ್ಟು ಸಿಗ್ನಲ್. ಯೂರೋರ‍್ಯಾಕ್ ಎಂಬ ಮಾಡ್ಯುಲರ್ ಮಾದರಿಯ ಆಸಿಲೇಟರಿನಿಂದ (ಅಲೆ ಹುಟ್ಟಿಸುವ ಘಟಕದಿಂದ) ಬರುವುದು ತುದಿಯಿಂದ ತುದಿಗೆ ಸುಮಾರು 10 ವೋಲ್ಟ್. ಹವ್ಯಾಸಿಗಳ ನಡುವೆ ಬಿಡಿಭಾಗಗಳನ್ನು ಒಂದಕ್ಕೊಂದು ಹೊಂದಿಸುವ ಬಗ್ಗೆ ನಡೆಯುವಷ್ಟು ಚರ್ಚೆ ಸಿಗ್ನಲಿನ ಮಟ್ಟ ಮತ್ತು ನಿಯಂತ್ರಣ ವೋಲ್ಟೇಜಿನ ಬಗ್ಗೆ ನಡೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಸಿಂಥಿನ ಮಟ್ಟಿಗೆ ಮುಖ್ಯವಾದವು ಇವೆರಡೇ.

ಫೇಸರಿನ ಒಂದೊಂದು ಆಲ್-ಪಾಸ್ ಹಂತವೂ ಎಲ್ಲ ಆವೃತ್ತಿಗಳನ್ನು ಸಮಾನ ಬಲದಲ್ಲಿ ದಾಟಿಸುತ್ತದೆ, ಆದರೆ ಅವುಗಳ ಫೇಸನ್ನು, ಅಂದರೆ ಅಲೆಯ ಏರಿಳಿತ ಎಲ್ಲಿಗೆ ಬಂದಿದೆ ಎಂಬುದನ್ನು, ಆವೃತ್ತಿಗೆ ತಕ್ಕಂತೆ 180 ಡಿಗ್ರಿಯವರೆಗೆ ತಿರುಗಿಸುತ್ತದೆ. ರೋಧ ಮತ್ತು ಕೆಪಾಸಿಟರ್ ಸೇರಿ ನಿರ್ಧರಿಸುವ ಒಂದು ಆವೃತ್ತಿಯಲ್ಲಿ ಈ ತಿರುವು ಸರಿಯಾಗಿ 90 ಡಿಗ್ರಿ. ಇಂತಹ ನಾಲ್ಕು ಹಂತಗಳನ್ನು ದಾಟಿ ಬಂದ ಸಿಗ್ನಲನ್ನು ಮೂಲ ಸಿಗ್ನಲಿನೊಂದಿಗೆ ಬೆರೆಸಿದಾಗ, ಎರಡೂ ಪರಸ್ಪರ ವಿರುದ್ಧವಾಗುವ ಕಡೆ ಸದ್ದು ಅಳಿದು ನಾಚ್ ಉಂಟಾಗುತ್ತದೆ. ನಾಲ್ಕೂ ಹಂತಗಳು ಒಂದೇ ರೀತಿಯವಾದರೆ ಆ 90 ಡಿಗ್ರಿ ಆವೃತ್ತಿಯ 0.41 ಪಟ್ಟಿನಲ್ಲಿ ಒಂದು, 2.41 ಪಟ್ಟಿನಲ್ಲಿ ಇನ್ನೊಂದು, ಹೀಗೆ ಎರಡು ನಾಚ್‌ಗಳು ಸಿಗುತ್ತವೆ. ಹಾರ್ಮೋನಿಕ್‌ಗಳು (ಮೂಲ ಸ್ವರದ ಪಟ್ಟುಗಳ ಆವೃತ್ತಿಗಳು) ತುಂಬಿದ, ಗರಗಸದ ಹಲ್ಲಿನಾಕಾರದ ಅಲೆಯ ಮೇಲೆ ಇವು ಮೇಲಕ್ಕೂ ಕೆಳಕ್ಕೂ ಸರಿಯುವುದೇ ಫೇಸರಿನ ಸೊಗಸು. ಬರಿಯ ಸೈನ್ ಅಲೆಯ ಮೇಲೆ ಹೆಚ್ಚೇನೂ ಕೇಳಿಸದು.

ನಾಚಿನ ಆಳವು ಹಂತಗಳ ಪರಸ್ಪರ ಹೊಂದಾಣಿಕೆಯಿಂದ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಕೆಪಾಸಿಟರ್‌ಗಳಲ್ಲಿ ವ್ಯತ್ಯಾಸವಿದ್ದರೆ ನಾಚಿನ ಜಾಗ ಬದಲಾಗುತ್ತದೆಯೇ ಹೊರತು ಆಳವಲ್ಲ. ಫುಮಿಯೊ ಮಿಯೆದಾ ಅವರು ಶಿನ್-ಏ ಕಂಪನಿಗಾಗಿ ರೂಪಿಸಿದ ಯೂನಿ-ವೈಬ್ ಎಂಬ ಫೇಸರಿನಲ್ಲಿ 470 ಪೈಕೋಫ್ಯಾರಡ್‌ನಿಂದ 220 ನ್ಯಾನೋಫ್ಯಾರಡ್‌ವರೆಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಹ ಕೆಪಾಸಿಟರ್‌ಗಳಿದ್ದವು. ಆಳವನ್ನು ನಿರ್ಧರಿಸುವುದು ಬೆರೆಸುವ ಎರಡು ಸಿಗ್ನಲ್‌ಗಳ ಸಮತೋಲ. ಅವುಗಳ ನಡುವೆ ಶೇಕಡಾ 1ರಷ್ಟು ವ್ಯತ್ಯಾಸವಿದ್ದರೆ ನಾಚು, ಎರಡೂ ಸಿಗ್ನಲ್‌ಗಳು ಕೂಡಿ ಬಲಗೊಳ್ಳುವ ಶಿಖರಕ್ಕಿಂತ ಸುಮಾರು 46 ಡೆಸಿಬೆಲ್ ಕೆಳಗಿರುತ್ತದೆ. ಶೇಕಡಾ 5ರಷ್ಟಿದ್ದರೆ 32 ಡೆಸಿಬೆಲ್ ಮಾತ್ರ. ಆದ್ದರಿಂದ ಮಿಕ್ಸರ್ ಭಾಗಕ್ಕೂ ಆಲ್-ಪಾಸ್ ಹಂತದ ಗೇನ್ (ಸಿಗ್ನಲಿನ ವರ್ಧನೆ) ನಿರ್ಧರಿಸುವ ಜೋಡಿಗಳಿಗೂ ಶೇಕಡಾ 1ರ ರೆಸಿಸ್ಟರ್‌ಗಳನ್ನು ಬಳಸಿ, ಕೆಪಾಸಿಟರ್‌ಗಳ ವಿಷಯದಲ್ಲಿ ನಿಶ್ಚಿಂತೆಯಿಂದಿರಬಹುದು.

ನಾಚುಗಳನ್ನು ಓಡಿಸಲು ಹಂತಗಳ ರೋಧವನ್ನು ವೋಲ್ಟೇಜಿನಿಂದ ಬದಲಾಯಿಸುವ ಸಾಧನದ ಆಯ್ಕೆಯಲ್ಲಿ ಮಾತ್ರ ನಿಶ್ಚಿಂತೆ ಸಲ್ಲದು. ಎಂಎಕ್ಸ್‌ಆರ್ ಫೇಸ್ 90 ಪೆಡಲಿನಲ್ಲಿರುವಂತೆ ಜೆಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್‌ಗಳನ್ನು ಬಳಸಿದರೆ, ಅವುಗಳ ಮೇಲೆ ನೂರು ಮಿಲಿವೋಲ್ಟ್‌ಗೂ ಹೆಚ್ಚು ಬಿದ್ದಾಗ ಅವು ರೆಸಿಸ್ಟರ್‌ಗಳಂತೆ ವರ್ತಿಸುವುದನ್ನು ಬಿಡುತ್ತವೆ. ಇಲ್ಲಿ ಪರಸ್ಪರ ಹೊಂದಿಸುವ ಶ್ರಮವೂ ನಿಜಕ್ಕೂ ಬೇಕು, ಏಕೆಂದರೆ ಬೇಗ ಮುಚ್ಚಿಕೊಂಡು ಪ್ರವಾಹವನ್ನು ತಡೆಯುವ ಜೆಫೆಟ್ ತನ್ನ ಹಂತವನ್ನು ಉಳಿದವುಗಳ ಓಟದಿಂದ ಹೊರಗಿಡುತ್ತದೆ. ಎಲ್‌ಇಡಿ ಮತ್ತು ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಸೇರಿದ ವ್ಯಾಕ್ಟ್ರೋಲ್ ಅತ್ಯಂತ ಸ್ವಚ್ಛ, ಆದರೆ ಕತ್ತಲಾದ ಮೇಲೆ ಅದರ ರೋಧ ನಿಧಾನವಾಗಿ ಏರುವುದರಿಂದ ಓಟವನ್ನು ನಡೆಸುವ ಎಲ್‌ಎಫ್‌ಒ (ಕಡಿಮೆ ಆವೃತ್ತಿಯ ಆಸಿಲೇಟರ್) ವೇಗವಾಗಿದ್ದರೆ ಓಟದ ವಿಸ್ತಾರ ಕುಗ್ಗುತ್ತದೆ. ಸಿಂಥಿಗೆ ನಾನು ಒಪ್ಪುವುದು ಓಟಿಎ ಮಾರ್ಗವನ್ನು, ಅಂದರೆ ಇನ್‌ಪುಟ್ ವೋಲ್ಟೇಜನ್ನು ಪ್ರವಾಹವಾಗಿಸುವ, ಅದರ ಪ್ರಮಾಣವನ್ನು ನಿಯಂತ್ರಣ ಪ್ರವಾಹದಿಂದ ಬದಲಾಯಿಸಬಹುದಾದ ಆಂಪ್ಲಿಫೈಯರನ್ನು. ಇಎಂಎಸ್ ಸಂಸ್ಥೆಯಲ್ಲಿ ಸಿಂಥಸೈಜರ್‌ಗಳನ್ನು ರೂಪಿಸಿದ್ದ ಡೇವಿಡ್ ಕಾಕೆರೆಲ್ ಅವರು ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಗಾಗಿ ಸ್ಮಾಲ್ ಸ್ಟೋನ್ ಫೇಸರನ್ನು ರೂಪಿಸುವಾಗಲೂ ಇದೇ ದಾರಿ ಹಿಡಿದರು. ಎಲ್‌ಎಂ13700 ಎಂಬ ಓಟಿಎ ಚಿಪ್ ಒಂದರಲ್ಲೇ ಎರಡು ಹಂತಗಳಾಗುತ್ತವೆ. ಅದಕ್ಕೆ 100 ಮೈಕ್ರೋಆಂಪಿಯರ್ ನಿಯಂತ್ರಣ ಪ್ರವಾಹ ಕೊಟ್ಟು, ಸಿಗ್ನಲನ್ನು ನೂರನೇ ಒಂದು ಭಾಗಕ್ಕೆ ಇಳಿಸಿ, 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ 90 ಡಿಗ್ರಿ ಆವೃತ್ತಿ ಸುಮಾರು 300 ಹರ್ಟ್ಸ್ ಆಗುತ್ತದೆ. ಆದರೆ ಓಟಿಎಯ ಇನ್‌ಪುಟ್ ಸಹಿಸುವುದು ಒಂದೆರಡು ಹತ್ತು ಮಿಲಿವೋಲ್ಟ್‌ಗಳನ್ನಷ್ಟೇ. ಹಾಗಾಗಿ 10 ವೋಲ್ಟಿನ ಸಿಗ್ನಲನ್ನು ಬೋರ್ಡಿನ ಬಾಗಿಲಲ್ಲೇ ಎರಡು-ಮೂರು ವೋಲ್ಟಿಗೆ ಇಳಿಸಿ (ಹಂತದೊಳಗಿನ ನೂರನೇ ಒಂದರ ಇಳಿಕೆಯ ನಂತರ ಓಟಿಎಗೆ ತಲುಪುವುದು 20-30 ಮಿಲಿವೋಲ್ಟ್), ಕೊನೆಯಲ್ಲಿ ಮತ್ತೆ ಏರಿಸಬೇಕು. ಇದಕ್ಕೆ ತೆರುವ ಬೆಲೆ ಒಂದಿಷ್ಟು ಹಿಸ್ ಸದ್ದು.

ಇನ್ನು ನಿಯಂತ್ರಣ. ಕಿವಿ ಆವೃತ್ತಿಯನ್ನು ಅಷ್ಟಕಗಳಲ್ಲಿ, ಅಂದರೆ ಇಮ್ಮಡಿಯಾಗುವ ಮೆಟ್ಟಿಲುಗಳಲ್ಲಿ, ಅಳೆಯುತ್ತದೆ. ನಿಯಂತ್ರಣ ಪ್ರವಾಹ ವೋಲ್ಟೇಜಿಗೆ ನೇರ ಅನುಪಾತದಲ್ಲಿದ್ದರೆ ನಾಚುಗಳು ಕೆಳಗಿನ ಸ್ವರಗಳಲ್ಲಿ ಧಾವಿಸಿ, ಮೇಲೆ ತೆವಳುತ್ತವೆ. ಎರಡು ಟ್ರಾನ್ಸಿಸ್ಟರ್‌ಗಳ ಎಕ್ಸ್‌ಪೊನೆನ್ಶಿಯಲ್ ಕನ್ವರ್ಟರ್ ಸೇರಿಸಿದರೆ, ಕೋಣೆಯ ಉಷ್ಣತೆಯಲ್ಲಿ ಟ್ರಾನ್ಸಿಸ್ಟರಿನ ಬೇಸ್ ತುದಿಗೆ ಬಿದ್ದ ಪ್ರತಿ 18 ಮಿಲಿವೋಲ್ಟಿಗೂ ಪ್ರವಾಹ ಇಮ್ಮಡಿಯಾಗಿ ಓಟ ಸಮನಾಗುತ್ತದೆ. ಆಸಿಲೇಟರಿನಲ್ಲಿ ಬೇಕಾಗುವ ಉಷ್ಣತಾ ಪರಿಹಾರವನ್ನು ಇಲ್ಲಿ ಬಿಡಬಹುದು. ನಾಚು ಅರ್ಧ ಸ್ವರ ಜರುಗಿದರೆ ಯಾರಿಗೂ ತಿಳಿಯದು.

ಕೊನೆಯ ಹಂತದಿಂದ ಮೊದಲನೆಯದಕ್ಕೆ ಫೀಡ್‌ಬ್ಯಾಕ್ ಕೊಡುವವರು, ಶಿಖರಗಳು ಚೂಪಾದಷ್ಟೂ ಒಳಗಿನ ಸಿಗ್ನಲ್ ಹಿಗ್ಗುತ್ತದೆಂಬುದನ್ನು ಗಮನಿಸಿ, ಮೊದಲು ಹೇಳಿದ ಇಳಿಕೆಯನ್ನು ಇನ್ನೂ ಸ್ವಲ್ಪ ಹೆಚ್ಚಿಸಬೇಕಾಗುತ್ತದೆ.