ಮಕ್ಕಳ ಡಾಕ್ಟರ್ ಇರುವಾಗ ನಿಮಗ್ಯಾಕ್ರಿ ಈ ಉಸಾಬರಿ?

ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ: "ಕಲಬುರಗ್ಯಾಗ ಓಣಿಗೊಬ್ಬರು ಮಕ್ಕಳ ಡಾಕ್ಟರ್ ಅದಾರ. ನಿಮ್ಮ ಎಮರ್ಜೆನ್ಸಿ ಪಿಜಿ ಹುಡುಗರಿಗೆ ಮಕ್ಕಳ ಚಿಕಿತ್ಸೆ ಯಾಕ್ರಿ ಕಲಸ್ತೀರಿ?"

ರಾತ್ರಿ ಎರಡಕ್ಕೆ ಅಫಜಲಪುರ ಕಡೆಯಿಂದ ಟಂಟಂನಲ್ಲೋ 108ರಲ್ಲೋ ಬಂದ ಕೂಸನ್ನು ಮೊದಲು ಮುಟ್ಟುವವರು ಎಂಬಿಬಿಎಸ್ ಮುಗಿಸಿ ನಮ್ಮಲ್ಲಿ ಎಮರ್ಜೆನ್ಸಿ ಕಲಿಯುತ್ತಿರುವ ಈ ಹುಡುಗರೇ. ಮಕ್ಕಳ ವಿಭಾಗದವರು ಇಳಿದು ಬರುತ್ತಾರೆ, ಇಲ್ಲವೆನ್ನುವುದಿಲ್ಲ. ಬರುವ ತನಕದ ಹತ್ತು ನಿಮಿಷ ಯಾರದು? ನಮ್ಮ ದೇಶದಲ್ಲಿ ಎಮರ್ಜೆನ್ಸಿ ಮೆಡಿಸಿನ್ ಪ್ರತ್ಯೇಕ ವಿಷಯವೆಂದು ಮಾನ್ಯವಾದದ್ದೇ 2009ರಲ್ಲಿ. ಜನರ ಕಣ್ಣಿಗೆ ನಾವಿನ್ನೂ ಚೀಟಿ ಬರೆದು ಮೇಲೆ ಕಳಿಸುವ ಕ್ಯಾಜುವಾಲ್ಟಿಯವರು.

ಒಂದು ಮೇ ತಿಂಗಳ ರಾತ್ರಿ. ತೊಗರಿ ಕಟ್ಟಿಗೆಯ ಬಣವೆ ಹತ್ತಿರ ಆಡುತ್ತಿದ್ದ ಮೂರು ವರ್ಷದ ಹುಡುಗಿಗೆ ಕೆಂಪು ಚೇಳು ಕಡಿದಿತ್ತು. ಅಳುತ್ತಿರಲಿಲ್ಲ. "ಸರ್, ಸುಮ್ಮನಾಗ್ಯಾಳ, ನೋವು ಇಳದಂಗ ಕಾಣ್ತದ" ಅಂದ ಮೊದಲ ವರ್ಷದ ಹುಡುಗ. ನಾನು ಅವನ ಕೈ ಹಿಡಿದು ಆಕೆಯ ಅಂಗಾಲಿಗೆ ಹಚ್ಚಿದೆ. ಗೋಡೆ ಮುಟ್ಟಿದರೂ ಬಿಸಿ ಹತ್ತುವ ಸೆಕೆ. ಅಂಗಾಲು ಮಾತ್ರ ಗಡಿಗೆ ನೀರಿನಷ್ಟು ತಣ್ಣಗೆ. ಹಣೆ ತುಂಬ ಬೆವರು, ದಾರಿಯಲ್ಲಿ ಎರಡು ಸಲ ವಾಂತಿ. ವಿಷ ಮೈಗೆಲ್ಲ ಏರಿತ್ತು; ಬಿಟ್ಟರೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಚೀರಾಡುವ ಕೂಸಿಗಿಂತ ಸುಮ್ಮನೆ ಬಿದ್ದ ಕೂಸಿಗೆ ನಾನು ಹೆಚ್ಚು ಹೆದರುತ್ತೇನೆ. ಬಿಪಿ ನಂಬಿ ಕೂರುವಂತಿಲ್ಲ. ರಕ್ತ ಹೋಗಲಿ, ಭೇದಿಯಾಗಲಿ, ಮಕ್ಕಳಲ್ಲಿ ಅದು ಕೊನೆ ತನಕ ತಡೆದು ನಿಂತು ಒಮ್ಮೆಲೇ ಕುಸಿಯುತ್ತದೆ. ಅದಕ್ಕೇ ಹೊಸಬರ ಕೊರಳಿನ ಸ್ಟೆತಾಸ್ಕೋಪ್ ತೆಗೆಸಿ ಬಾಗಿಲಲ್ಲೇ ನಿಲ್ಲಿಸುತ್ತೇನೆ. ಕೂಸು ಹೇಗೆ ನೋಡುತ್ತಿದೆ, ಉಸಿರಿಗೆ ಎಷ್ಟು ಒದ್ದಾಡುತ್ತಿದೆ, ಮೈಬಣ್ಣ ಹೇಗಿದೆ, ಮುಟ್ಟದೆ ಹೇಳು.

ಆಮೇಲೆ ಲೆಕ್ಕ. ಇದರಲ್ಲಿ ಜಾಣರೂ ಎಡವುತ್ತಾರೆ. ಕೆಂಪು ಚೇಳಿಗೆ ಪ್ರಾಜೋಸಿನ್ ಎಂಬ ಬಿಪಿ ಇಳಿಸುವ ಮಾತ್ರೆ, ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ತೋರಿಸಿಕೊಟ್ಟ ದಾರಿ. ಕೆಜಿಗೆ 30 ಮೈಕ್ರೋಗ್ರಾಂ. ತೂಕಕ್ಕೆ ಹುಡುಗ ಪುಸ್ತಕದ ಸೂತ್ರ ಹಚ್ಚಿದ: ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸು, 14 ಕೆಜಿ, 420 ಮೈಕ್ರೋಗ್ರಾಂ. "ತೂಗಿ ನೋಡಪ್ಪ" ಅಂದೆ. ಅವ್ವ ಚಪ್ಪಲಿ ಬಿಟ್ಟು, ಎಲ್ಲರೆದುರು ನಾಚುತ್ತ, ಕೂಸನ್ನೆತ್ತಿಕೊಂಡು ಕಾಟಾ ಮೇಲೆ ನಿಂತಳು. ಆಕೆಯ ತೂಕ ಕಳೆದರೆ ಉಳಿದದ್ದು ಹತ್ತೇ ಕೆಜಿ. 300 ಸಾಕು. ಒಂದು ಮಿಲಿಗ್ರಾಂನ, ಅಂದರೆ ಸಾವಿರ ಮೈಕ್ರೋಗ್ರಾಂನ, ಸಾದಾ ಮಾತ್ರೆ ಅರೆದು ಹತ್ತು ಎಂಎಲ್ ನೀರಿಗೆ ಹಾಕಿ ಮೂರು ಎಂಎಲ್ ಕುಡಿಸಿದೆವು. ಅವ್ವ ಹೆಗಲಿಗೆ ಹಾಕಿಕೊಳ್ಳಲು ಬಂದಳು. "ಬ್ಯಾಡವ್ವ, ಮಲಗೇ ಇರಲಿ" ಅಂತ ತಡೆದೆ. ಈ ಔಷಧಿ ಕೊಟ್ಟ ಮೇಲೆ ಎಬ್ಬಿಸಿ ಕೂರಿಸಿದರೆ ಬಿಪಿ ಇಳಿದುಬಿಡಬಹುದು.

ಹಾವಿನ ಕಡಿತಕ್ಕೆ ಈ ಲೆಕ್ಕವೇ ತಲೆಕೆಳಗು. ತೂಕ ನೋಡಿ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಇಂಜೆಕ್ಷನ್, ಕಡಿಮೆ ಮಾಡಲು ಹೊರಟವರನ್ನು ಎಷ್ಟೋ ಸಲ ತಡೆದಿದ್ದೇನೆ. ಹಾವೇನು ಕೂಸು ಅಂತ ವಿಷ ಕಡಿಮೆ ಬಿಡುತ್ತದೆಯೇ? ದೊಡ್ಡವರಿಗೆ ಎಷ್ಟೋ ಮಕ್ಕಳಿಗೂ ಅಷ್ಟೇ.

ಮಕ್ಕಳ ವಿಭಾಗದ ಮೇಡಂ ಬಂದು ಮೊದಲು ಕೇಳಿದ್ದು, ಡೋಸ್ ಎಷ್ಟು, ಎಷ್ಟೊತ್ತಿಗೆ ಕೊಟ್ಟಿರಿ ಅಂತ. ಹುಡುಗ ಅಂಗೈ ತೋರಿಸಿದ. ಪೆನ್ನಿನಲ್ಲಿ ಬರೆದುಕೊಂಡಿದ್ದ: 10 ಕೆಜಿ, 300, 2.20. ಇನ್ನೊಂದು ಕೈ ಕೂಸಿನ ಅಂಗಾಲ ಮೇಲೇ ಇತ್ತು.