ಯಾವೂರಾಯ್ತು?

ಇಂಗ್ಲೆಂಡಿನಲ್ಲಿ ನಾವಿರುವ ಊರಿದು. ಈಜು ಕ್ಲಾಸು ಮುಗಿಸಿ ಮಗಳೂ ನಾನೂ ಬರುವ ದಾರಿಯಲ್ಲಿ ಮುಚ್ಚಿಹೋದ ಶೂ ಅಂಗಡಿಯೊಂದಿದೆ. ಅದರ ಬಾಗಿಲ ಮೂಲೆಯಲ್ಲಿ ಅಕ್ಟೋಬರಿನಿಂದ ಒಬ್ಬರು ಮಲಗುತ್ತಾರೆ. ಐವತ್ತರ ಆಸುಪಾಸು. ಕೆಳಗೆ ರಟ್ಟು, ಮೇಲೆ ನೀಲಿ ಸ್ಲೀಪಿಂಗ್ ಬ್ಯಾಗು. ಬೂಟು ಬಿಚ್ಚಿದ ಮೇಲೆ ಅದರ ಲೇಸನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಾರೆ, ನಿದ್ದೆಯಲ್ಲಿ ಯಾರೂ ಒಯ್ಯಬಾರದು ಅಂತ.

ಕಳೆದ ಮಂಗಳವಾರ ಟೀ ಕೊಡುತ್ತಾ ಬಾಯಿತಪ್ಪಿ ಕೇಳಿದೆ, ಯಾವೂರು ನಿಮ್ಮದು ಅಂತ. ನಮಗೆ ಅದು ಮಾತಿನ ಮೊದಲ ಮೆಟ್ಟಿಲಲ್ಲವೇ? ಅವರ ಮುಖ ಸಣ್ಣದಾಯಿತು. "ಕೌನ್ಸಿಲ್‌ನವರೂ ಇದನ್ನೇ ಕೇಳಿದ್ದು" ಅಂದರು. ಕೌನ್ಸಿಲ್ ಅಂದರೆ ಇಲ್ಲಿನ ನಗರಸಭೆ.

ಸಂಸಾರ ಮುರಿದು, ಬಾಡಿಗೆ ಮನೆ ಬಿಟ್ಟು ಬಂದವರು. ಇಲ್ಲಿ ಇವರಿಗೆ 'ಲೋಕಲ್ ಕನೆಕ್ಷನ್', ಅಂದರೆ ಈ ಊರಿನ ನಂಟು, ಇಲ್ಲವಂತೆ. ಇಂಗ್ಲೆಂಡಿನಲ್ಲಿ ಮನೆಯಿಲ್ಲದವರು ಕೌನ್ಸಿಲ್ ಬಾಗಿಲು ತಟ್ಟಿದರೆ, ಹಿಂದಿನ 12 ತಿಂಗಳಲ್ಲಿ 6 ತಿಂಗಳು, ಇಲ್ಲವೇ 5 ವರ್ಷದಲ್ಲಿ 3 ವರ್ಷ ಆ ಊರಲ್ಲಿದ್ದಿರಾ ಅಂತ ನೋಡುತ್ತಾರೆ. ಅಲ್ಲಿ ಕೆಲಸವೋ ಹತ್ತಿರದ ನೆಂಟರೋ ಇದ್ದರೂ ಸರಿ. ಯಾವುದೂ ಇಲ್ಲದಿದ್ದರೆ, ಸಂಬಂಧ ಇರುವ ಇನ್ನೊಂದು ಊರಿನ ಕೌನ್ಸಿಲ್‌ಗೆ ದಾಟಿಸಬಹುದು. 2018ರಿಂದ ಜಾರಿಯಲ್ಲಿರುವ ಕಾನೂನು ಒಂಟಿ ಗಂಡಸರಿಗೂ ನೆರವು ಸಿಗುವ ಹಾಗೆ ಮಾಡಿದೆ, ಅದು ದೊಡ್ಡ ಮಾತೇ. ಆದರೆ ರಾತ್ರಿ ತಲೆ ಮೇಲೊಂದು ಸೂರು ಬೇಕಾದಾಗ ಮೊದಲ ಸರದಿ ಮಕ್ಕಳಿರುವವರದು, ಬಸುರಿಯರದು, ಕಾಯಿಲೆಯವರದು. ಇವರ ಸರದಿ ಬರುವುದೇ ಇಲ್ಲ.

"ಸೊನ್ನೆ ಡಿಗ್ರಿ ಆಗಲಿ ಅಂತ ಕಾಯ್ತೀನಿ" ಅಂದರು. ಸೊನ್ನೆಗೆ ಇಳಿಯುವ ಮುನ್ಸೂಚನೆ ಬಂದ ರಾತ್ರಿ ಬಹಳಷ್ಟು ಕೌನ್ಸಿಲ್‌ಗಳು ಊರು ಕೇರಿ ಕೇಳದೆ ಒಳಗೆ ಜಾಗ ಕೊಡುತ್ತವೆ. ಮೂರು ಡಿಗ್ರಿ, ಜೊತೆಗೆ ಜಿಟಿಜಿಟಿ ಮಳೆ ಅಂದರೆ ಆ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ.

ಮನೆ ತಲುಪುವವರೆಗೂ ಮಗಳು ಮಾತಾಡಲಿಲ್ಲ. ಒದ್ದೆ ಕೂದಲು ಒರೆಸುವಾಗ ಕೇಳಿದಳು, "ಅಮ್ಮಾ, ನಮ್ ಮನೆ ಹೋದ್ರೆ ನಮ್ಮನ್ನ ಸಾಗರಕ್ಕೆ ಹೋಗಿ ಅಂತಾರಾ?"

ನನ್ನ ಕೈ ಅಲ್ಲೇ ನಿಂತಿತು. ಸಾಗರ ನಮ್ಮೂರು, ಶಿವಮೊಗ್ಗ ಕಡೆ. ನಮ್ಮ ವೀಸಾ ಕಾರ್ಡಿನ ಹಿಂದೆ 'ನೋ ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರದ ನೆರವಿನ ಹಣ ಇಲ್ಲ, ಅಂತ ಅಚ್ಚಾಗಿತ್ತು. ಕೆಲಸ ಹೋಗಿ ಬಾಡಿಗೆ ನಿಂತರೆ ನಾವು ಕೌನ್ಸಿಲ್ ಮನೆಯ ಸಾಲಿನಲ್ಲೇ ನಿಲ್ಲುವ ಹಾಗಿಲ್ಲ. ಸಾಲ ಮಾಡಿ ಬಂದ ನಮ್ಮ ಹುಡುಗರು, ಕೇರ್ ಹೋಮಿನಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳು ಇದೇ ಷರತ್ತನ್ನು ಹೊತ್ತು ತಿರುಗುತ್ತಾರೆ.

ನಿನ್ನ ಊರಿಗೆ ನೀನು ಹೋಗು ಅನ್ನುವುದು ಈ ದೇಶಕ್ಕೆ ಹೊಸದಲ್ಲ. 1662ರ ಕಾನೂನಿನ ಪ್ರಕಾರ ಬಡವರನ್ನು ಅವರವರ ಪ್ಯಾರಿಷ್‌ಗೆ, ಅಂದರೆ ಅವರ ಚರ್ಚಿಗೆ ಸೇರಿದ ಊರಿಗೆ, ಸಾಗಹಾಕುತ್ತಿದ್ದರು.

ಸಾಗರ ಅಂದಳಲ್ಲ, ಅಜ್ಜಿಮನೆ ಜಗಲಿ ಕಣ್ಣಿಗೆ ಬಂತು. ಮಾರಿಜಾತ್ರೆಗೆ ನಡೆದು ಬಂದವರು, ಬಳೆಗಾರರು, ಬಸ್ಸು ತಪ್ಪಿದವರು ಯಾರ್ಯಾರೋ ಅಲ್ಲಿ ಮಲಗುತ್ತಿದ್ದರು. ಅಜ್ಜಿ ಚೊಂಬಿನಲ್ಲಿ ನೀರು, ಒಂದು ತುಂಡು ಬೆಲ್ಲ ಇಟ್ಟು "ಯಾವೂರಾಯ್ತು?" ಅನ್ನುವಳು. ಉತ್ತರ ಯಾವುದಾದರೂ ಕಂಬಳಿ ಹೊರಗೆ ಬರುತ್ತಿತ್ತು. ಜಾತಿ ನೋಡಿ ಜಗಲಿಯೋ ಕೊಟ್ಟಿಗೆಯೋ ಅಂತ ತೀರ್ಮಾನವಾಗುತ್ತಿದ್ದುದೂ ನಿಜ, ಅದನ್ನು ಮುಚ್ಚಿಟ್ಟು ಹೇಳಲಾರೆ.

ಈಗ ಆ ಜಗಲಿಗೆ ಕಬ್ಬಿಣದ ಗ್ರಿಲ್ ಬಂದಿದೆ, ಅಡಿಕೆ ಕಳುವಿನ ಭಯ. ಅಪ್ಪನ ಮನೆಗಂದಾಯದ ರಸೀದಿಯಲ್ಲಿ ಭಿಕ್ಷುಕರ ಕರ ಅಂತ ಒಂದು ಸಾಲಿದೆ, ತೆರಿಗೆಯ 3%. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದಾದರೂ ರಾತ್ರಿ ತಂಗುದಾಣ ಇರಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನಿಮ್ಮ ಊರಿನ ತಂಗುದಾಣ ಎಲ್ಲಿದೆ ಅಂತ ನಿಮಗೆ ಗೊತ್ತಾ? ಅಪ್ಪನಿಗೆ ಫೋನಿನಲ್ಲಿ ಕೇಳಿದೆ, ಗೊತ್ತಿಲ್ಲ ಅಂದರು. ಬಸ್‌ಸ್ಟ್ಯಾಂಡಲ್ಲಿ ಮಲಗಿದವರನ್ನ ಪೊಲೀಸರು ಎಬ್ಬಿಸಿ ಕಳಿಸೋದು ಮಾತ್ರ ನೋಡಿದೀನಿ ಪುಟ್ಟಿ ಅಂದರು.

ಅವತ್ತಿನಿಂದ ಮಗಳು ಸಂಜೆಯಾದರೆ ನನ್ನ ಫೋನು ಕಿತ್ತುಕೊಂಡು ಹವಾಮಾನ ನೋಡುತ್ತಾಳೆ. ನಾಲ್ಕು. ಮೂರು. ಮತ್ತೆ ನಾಲ್ಕು. ನಿನ್ನೆ ಅಡುಗೆಮನೆಗೆ ಓಡಿ ಬಂದಳು.

"ಮೈನಸ್ ಒಂದು ಅಮ್ಮಾ! ಇವತ್ತು ಅವರನ್ನ ಒಳಗೆ ಕರ್ಕೊತಾರೆ!"