ದೊಡ್ಡಮ್ಮನ ಮುಖದ ಮೇಲೆ ತೆಂಗಿನ ಗರಿ

ಹಾಸನ
ಮೇ 18, 2025, ಭಾನುವಾರ, ರಾತ್ರಿ ಹತ್ತೂವರೆ

ಒಂದು ವಾರದಿಂದ ನಮ್ಮನೆ ಊಟದ ಟೇಬಲ್ಲು ಲ್ಯಾಪ್‌ಟಾಪಿನ ಪಾಲಾಗಿದೆ. ಊಟ ಚಾಪೆ ಮೇಲೆ. "ಆ ಫೋಟೋಗೆ ಇನ್ನೂ ಎಷ್ಟು ದಿನ ಮೇಕಪ್ಪು?" ಅಂತ ಯಜಮಾನರು ಎರಡು ಸಲ ಕೇಳಿ, ಮೂರನೇ ಸಲ ಕೇಳೋದು ಬಿಟ್ಟರು.

ಏಪ್ರಿಲ್ 30, ಅಕ್ಷಯ ತದಿಗೆ. ಅರಸೀಕೆರೆಯಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶ. ಅವತ್ತು ಊರಿಗೆಲ್ಲ ಮುಹೂರ್ತ. ಗೊತ್ತು ಮಾಡಿದ್ದ ಫೋಟೋಗ್ರಾಫರ್ ಹೋಮ ಮುಗಿಯೋವರೆಗೆ ಇದ್ದು, ಇನ್ನೊಂದು ಮನೆಗೆ ಓಡಿದ. ಎಲ್ಲರೂ ಒಟ್ಟಿಗೆ ನಿಂತಿದ್ದು ಊಟಕ್ಕೆ ಮುಂಚೆ, ಅಂಗಳದ ಚಪ್ಪರದ ಕೆಳಗೆ, ಹದಿನಾಲ್ಕು ಜನ. ಫೋಟೋ ತೆಗೆದಿದ್ದು ಭಾವ, ತಮ್ಮ ಮೊಬೈಲಿನಲ್ಲಿ. ಸಮಯ ಫೈಲಿನಲ್ಲೇ ಇದೆ: 12:26.

ನಮ್ಮ ಕಡೆ ಏಪ್ರಿಲ್ ಕೊನೆಗೆ ಆ ಹೊತ್ತಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಬೆಂಗಳೂರಿನವರು ಏಪ್ರಿಲ್ 24ರ ಆಸುಪಾಸಿಗೆ ಶೂನ್ಯ ನೆರಳಿನ ದಿನ ಅಂತ ಬಾಟಲಿ ನಿಲ್ಲಿಸಿ ನೋಡ್ತಾರಲ್ಲ, ಅದೇ ಲೆಕ್ಕ. ನಾನೇ ಎಂಟನೇ ಕ್ಲಾಸಿನ ಮಕ್ಕಳಿಗೆ ಅಂಗಳದಲ್ಲಿ ಕೋಲು ನೆಟ್ಟು ತೋರಿಸಿದ್ದೀನಿ. ಕೋಲಿಗೆ ನೆರಳಿರಲ್ಲ, ಸರಿ. ಮುಖಕ್ಕೆ ಇರುತ್ತೆ. ಹುಬ್ಬಿನ ನೆರಳು ಕಣ್ಣಿಗೆ, ಮೂಗಿನ ನೆರಳು ತುಟಿಗೆ. ಅಮ್ಮನ ಕಣ್ಣಿದ್ದ ಕಡೆ ಎರಡು ಗುಳಿ. ನನಗೂ ಅಕ್ಕನಿಗೂ ಸಣ್ಣ ಮೀಸೆ.

ಅದರ ಮೇಲೆ ಚಪ್ಪರದ ಗರಿ. ಕುರ್ಚಿಯಲ್ಲಿ ಕೂತ ದೊಡ್ಡಮ್ಮನ ಮುಖದ ತುಂಬ ಪಟ್ಟೆ ಪಟ್ಟೆ ನೆರಳು, ಎಡಗೆನ್ನೆ ಮೇಲೆ ಮಾತ್ರ ನಾಲ್ಕಾಣೆ ಅಗಲದ ಬಿಳೀ ಬಿಸಿಲು. ಅವರಿಗೆ ಈಗ 83. ಅಷ್ಟು ಜನ ಸೇರಿದ ಫೋಟೋ ಅದೊಂದೇ. ಅಕ್ಕ ಅದನ್ನೇ ಹಾಲಿಗೆ ಫ್ರೇಮ್ ಹಾಕಿಸಬೇಕು ಅಂತ ಕೂತಿದ್ದಾಳೆ. "ರಜೇಲಿ ಸುಮ್ನೆ ತಾನೆ ಇರೋದು ನೀನು? ಆ ನೆರಳೆಲ್ಲ ತೆಗ್ದು ಕೊಡೇ." ಮೇಜಿನ ಧೂಳು ಒರೆಸು ಅಂದಷ್ಟು ಸಲೀಸಾಗಿ.

ನಾನೂ ಹಾಗೇ ಅಂದುಕೊಂಡಿದ್ದೆ. ಮೊಬೈಲಲ್ಲಿ ಸ್ನ್ಯಾಪ್‌ಸೀಡ್ ಅನ್ನೋ ಫೋಟೋ ತಿದ್ದೋ ಆ್ಯಪ್ ಹಾಕಿಕೊಂಡು 'ಶ್ಯಾಡೋಸ್' ಅನ್ನೋದನ್ನು ನೂರಕ್ಕೆ ಎಳೆದೆ. ನೆರಳು ಹೋಯ್ತು, ಅದರ ಜೊತೆ ಎಲ್ಲರ ಜೀವಕಳೆಯೂ ಹೋಯ್ತು. ಹದಿನಾಲ್ಕು ಜನಕ್ಕೂ ವಿಭೂತಿ ಎರಚಿದ ಹಾಗೆ. ದೊಡ್ಡಪ್ಪ ಮುತುವರ್ಜಿಯಿಂದ ಡೈ ಹಚ್ಚಿದ ಕೂದಲು ಬೂದುಗಂದು. ಕತ್ತಲಿದ್ದ ಕಡೆಯೆಲ್ಲ ಚೌಕ ಚೌಕ ಕಲೆ, ಹೆಂಚು ಹಾಸಿದ ಹಾಗೆ.

ಆ ಚೌಕಗಳ ಗುಟ್ಟು ಹೇಳಿದ್ದು ಅಕ್ಕನ ಮಗ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ, ಫೋನ್ ಎತ್ತಿದರೆ ನಗುತ್ತಲೇ ಶುರು. "ಚಿಕ್ಕಮ್ಮ, ವಾಟ್ಸ್‌ಆಪಲ್ಲಿ ಬಂದಿದ್ದನ್ನೇ ತಿದ್ದುತ್ತಾ ಇದ್ದೀರಾ? ಅದು ಹಿಂಡಿದ ಕಬ್ಬು. ಅಪ್ಪನ ಹತ್ತಿರ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ." ಜೆಪೆಗ್ ಅನ್ನೋ ಮಾಮೂಲಿ ಫೋಟೋ ಫೈಲಿನ ನಮೂನೆ ಚಿತ್ರವನ್ನು ಎಂಟಕ್ಕೆಂಟು ಚುಕ್ಕಿಯ (ಪಿಕ್ಸೆಲ್‌ನ) ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಬೀಳದ ವಿವರವನ್ನು ಬಿಸಾಕಿ ಹಿಂಡುತ್ತದೆ. ಬಿಸಾಕಿದ್ದು ಕತ್ತಲಲ್ಲಿ ಗೊತ್ತಾಗಲ್ಲ. ನನ್ನಂಥವರು ದೀಪ ಹಚ್ಚಿ ನೋಡಿದಾಗ ಬಯಲಾಗುತ್ತದೆ. ಭಾವನಿಂದ ಮೂಲ ಫೈಲು ತರಿಸಿಕೊಂಡೆ. 4000 ಪಿಕ್ಸೆಲ್ ಅಗಲ, 3000 ಎತ್ತರ. ಅದರಲ್ಲಿ ಅಮ್ಮನ ಗುಳಿಗಣ್ಣಿನೊಳಗೆ ರೆಪ್ಪೆ ಕೂಡ ಇತ್ತು.

ಹಾಗಾಗಿ ಮಂಗಳವಾರದಿಂದ ಗಿಂಪ್, ಕಂಪ್ಯೂಟರಿನಲ್ಲಿ ಫೋಟೋ ತಿದ್ದೋ ಸಾಫ್ಟ್‌ವೇರ್. ಕಾಸು ಕೊಡಬೇಕಿಲ್ಲ, ಮಾರ್ಚ್‌ನಲ್ಲಷ್ಟೇ 3.0 ಬಂದಿದೆ. ಈ ಹೊಸದರಲ್ಲಿ ಹಾಕಿದ ಫಿಲ್ಟರನ್ನು ನಾಳೆ ಬೇಕಾದರೂ ಬಿಚ್ಚಿ ತಿದ್ದಬಹುದು, ನನ್ನಂಥ ಅಳುಕಿನವರಿಗೆ ಹೇಳಿ ಮಾಡಿಸಿದ್ದು. ಆದರೆ ಮೊದಲ ದಿನ ಸಾಧಿಸಿದ್ದು ಇಷ್ಟೇ: ಲೇಯರ್ ಮಾಸ್ಕ್ ಅಂದರೇನು ಅಂತ ಅರ್ಥವಾಗದೆ ಮೂರು ಸಲ ಟೀ ಕುಡಿದೆ. ಕೊನೆಗೆ ಅರ್ಥವಾದದ್ದು ಕೆಮಿಸ್ಟ್ರಿಯ ಹಾಗಲ್ಲ, ಮೆಹಂದಿ ಕೋನಿನ ಹಾಗೆ. ಫೋಟೋದ ಇನ್ನೊಂದು ಪ್ರತಿ ಮೇಲಿಟ್ಟು ಅದನ್ನು ಬೆಳ್ಳಗೆ ಮಾಡೋದು. ಅದಕ್ಕೆ ಕಪ್ಪು ಮಾಸ್ಕ್ ಹೊದಿಸಿದರೆ ಪೂರ್ತಿ ಮರೆ. ಆಮೇಲೆ ಬಿಳಿ ಬ್ರಷ್ಷಿನಲ್ಲಿ ಎಲ್ಲಿ ಸವರ್ತೀವೋ ಅಲ್ಲಿ ಮಾತ್ರ ಬೆಳಕು ಮೇಲೆ ಬರುತ್ತೆ. ತಪ್ಪಾದರೆ ಕಪ್ಪು ಬ್ರಷ್ಷಿನಲ್ಲಿ ವಾಪಸು ಮುಚ್ಚೋದು.

ಮೊದಲು ದೊಡ್ಡಪ್ಪನ ಪಂಚೆ. ಮುಖಕ್ಕಿಂತ ಬಟ್ಟೆ ಸುಲಭ ಅಂದುಕೊಂಡೆ. ನೆರಳಿನ ಪಟ್ಟೆಗಳನ್ನು ಬಿಸಿಲಿನ ಮಟ್ಟಕ್ಕೆ ಎತ್ತಿದೆ. ಎತ್ತಿದ ಕಡೆಯೆಲ್ಲ ನೀಲಿ! ನೀಲಿ ಜಾಸ್ತಿ ಹಾಕಿದ ಬಕೆಟ್ಟಿಗೆ ಪಂಚೆಯನ್ನು ಅರ್ಧರ್ಧ ಅದ್ದಿದ ಹಾಗೆ. ಕಂಪ್ಯೂಟರ್ ಕೆಟ್ಟಿದೆ ಅಂತ ಬೈಯೋ ಹೊತ್ತಿಗೆ ಹೊಳೀತು, ಮೇಷ್ಟ್ರಮ್ಮನಿಗೆ ಹೊಳೆಯಬೇಕಿದ್ದು ಮೊದಲೇ. ನೆರಳಿಗೆ ಸೂರ್ಯನ ಬೆಳಕು ಬೀಳಲ್ಲ, ಆಕಾಶದ್ದು ಬೀಳುತ್ತೆ. ಆಕಾಶ ನೀಲಿ. ನಮ್ಮ ಕಣ್ಣು ಅದನ್ನು ಕಂಡೂ ಕಾಣದ ಹಾಗೆ ಬಿಳಿ ಅಂತ ಒಪ್ಪಿಕೊಳ್ಳುತ್ತೆ, ಕ್ಯಾಮೆರಾ ಒಪ್ಪಲ್ಲ. ಬಣ್ಣ ಹೆಚ್ಚುಕಡಿಮೆ ಮಾಡೋ ಕರ್ವ್ಸ್ ಟೂಲಿನಲ್ಲಿ ನೀಲಿ ಗೆರೆಯನ್ನು ಒಂದು ಕೂದಲೆಳೆ ಕೆಳಗೆ ಎಳೆದು, ಕೆಂಪನ್ನು ಅದಕ್ಕಿಂತ ಕಡಿಮೆ ಮೇಲೆತ್ತಿದ ಮೇಲೆ ಪಂಚೆ ಪಂಚೆಯಾಯಿತು.

ದೊಡ್ಡಮ್ಮನ ಮುಖಕ್ಕೆ ಮೂರು ರಾತ್ರಿ ಹೋಯಿತು.

ಪಟ್ಟೆಯನ್ನು ಬೆಳ್ಳಗೆ ಮಾಡಿದರೂ ಅಂಚಿನಲ್ಲೊಂದು ಕಪ್ಪು ಗೆರೆ ಉಳೀತಿತ್ತು. ಬ್ರಷ್ ದಪ್ಪ ಮಾಡಿದರೆ ಅಂಚಿನಾಚೆ ಬಿಳಿ ಗೆರೆ. ಬುಧವಾರ ರಾತ್ರಿ ಹನ್ನೊಂದಕ್ಕೆ ಪೆನ್ಸಿಲ್ ಹಿಡಿದು ಕೂತೆ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಅದಕ್ಕೇ ನೆರಳಿನ ಅಂಚು ಚೂಪಾಗಿರಲ್ಲ, ಅರೆನೆರಳು ಇರುತ್ತೆ. ನೆರಳು ಕೊಡೋ ವಸ್ತು ಎಷ್ಟು ದೂರವೋ ಅದರ ನೂರರಲ್ಲೊಂದು ಪಾಲು ಅಂತ ಹಿಡಿದರೆ ಅರೆನೆರಳಿನ ಅಗಲ ಸುಮಾರಾಗಿ ಸಿಗುತ್ತೆ. ಚಪ್ಪರ ಎಂಟಡಿ. ಕೂತ ದೊಡ್ಡಮ್ಮನ ಮುಖಕ್ಕೂ ಗರಿಗೂ ನಡುವೆ ನಾಲ್ಕಡಿ, ಅಂದರೆ ಒಂದು ಸೆಂಟಿಮೀಟರಿಗೆ ಚೂರು ಮೇಲೆ. ಫೋಟೋದಲ್ಲಿ ಒಂದು ಮೀಟರಿಗೆ ಸುಮಾರು ಸಾವಿರ ಪಿಕ್ಸೆಲ್ ಬರುತ್ತೆ. ಹಾಗಿದ್ದರೆ ಮಾಸ್ಕಿನ ಅಂಚು ಹನ್ನೊಂದು ಹನ್ನೆರಡು ಪಿಕ್ಸೆಲ್ ಕರಗಬೇಕು. ಹಾಗೇ ಮಾಡಿದೆ. ಕಪ್ಪು ಗೆರೆ ಮಾಯ! ಹಿಂದೆ ನಿಂತ ದೊಡ್ಡಪ್ಪನ ತಲೆ ಗರಿಗೆ ಹತ್ತಿರ, ಅವರ ಹಣೆಯ ಪಟ್ಟೆಗಳ ಅಂಚು ಚೂಪು, ಏಳೇ ಪಿಕ್ಸೆಲ್ ಸಾಕಾಯಿತು. ಇಪ್ಪತ್ತೆರಡು ವರ್ಷದಿಂದ ಅಂಬ್ರಾ ಪೆನಂಬ್ರಾ, ಅಂದರೆ ನೆರಳು ಅರೆನೆರಳಿನ ಚಿತ್ರ ಬೋರ್ಡಿನ ಮೇಲೆ ಬರೀತಾ ಇದ್ದೀನಿ, ಮನೆಕೆಲಸಕ್ಕೆ ಬಂದಿದ್ದು ಇದೇ ಮೊದಲು. ಯಜಮಾನರನ್ನು ಎಬ್ಬಿಸಿ ಹೇಳಿದೆ. ಹೂಂ ಅಂದು ಮಗ್ಗುಲಾದರು.

ಗರಿಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕಿಗಳೂ ಸೂರ್ಯನ ಚಿತ್ರಗಳೇ. ಸಂದು ಯಾವ ಆಕಾರದ್ದಾದರೂ ಚುಕ್ಕಿ ದುಂಡಗೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ನಮ್ಮ ಶಾಲೆಯ ಹೊಂಗೆಮರದ ಕೆಳಗೆ ಅವೆಲ್ಲ ಕುಡುಗೋಲಾಗಿದ್ದು ಜ್ಞಾಪಕ ಇದೆ.

ಆದರೆ ದೊಡ್ಡಮ್ಮನ ಎಡಗೆನ್ನೆಯ ದುಂಡು ಚುಕ್ಕಿ ನನ್ನ ಕೈಗೆ ಸಿಗಲಿಲ್ಲ. ಕತ್ತಲಲ್ಲಿ ಏನಾದರೂ ಅವಿತಿರುತ್ತೆ, ಎಳೆದರೆ ಬರುತ್ತೆ. ಇಲ್ಲಿ ಮೂರು ಬಣ್ಣದ ಅಂಕಿಯೂ 255, ಅದಕ್ಕೂ ಮೇಲೆ ಅಳತೆಯೇ ಇಲ್ಲ. ಗೃಹಪ್ರವೇಶದ ಮನೆಯಲ್ಲಿ ಹಾಲು ಉಕ್ಕಿದರೆ ಶುಭ, ಫೋಟೋದಲ್ಲಿ ಬೆಳಕು ಉಕ್ಕಿದರೆ ಕಥೆ ಮುಗೀತು. ಹೀಲ್ ಟೂಲಿನಲ್ಲಿ ಬಲಗೆನ್ನೆಯ ಚರ್ಮ ತಂದು ಮೆತ್ತಿದೆ. ಗೋಡೆಗೆ ಪುಟ್ಟಿ ಬಳಿದ ಹಾಗಾಯಿತು. ಸುಕ್ಕೇ ಇಲ್ಲ. ಆ ಲೇಯರಿನ ಬಲ ಅರ್ಧಕ್ಕೆ ಇಳಿಸಿದೆ. ಈಗ ಅಲ್ಲಿ ಮಂಕು ಬಿಸಿಲಿನ ಒಂದು ಮಚ್ಚೆ ಇದೆ. ಇರಲಿ ಬಿಡು.

ಪಟ್ಟೆಗಳನ್ನೂ ಪೂರ್ತಿ ತೆಗೆದಿಲ್ಲ. ಗುರುವಾರ ಎಲ್ಲ ತೆಗೆದು ನೋಡಿದ್ದೆ. ಮೂಗಿನ ಪಕ್ಕದ ನೆರಳೂ ಅದರ ಜೊತೆ ಹೋಗಿ, ದೊಡ್ಡಮ್ಮನ ಗಿಣಿಮೂಗು ಚಪಾತಿಯಾಗಿತ್ತು. ಆ ಮೂಗು ನಮ್ಮ ತಾಯಿ ಕಡೆಯವರ ಗುರುತು, ಅದನ್ನು ಕಳೆದು ಫ್ರೇಮ್ ಹಾಕಿಸಿದರೆ ಬಂದವರು ಯಾರಿದು ಅಂತ ಕೇಳ್ತಾರೆ. ಮೂಗಿನ ನೆರಳನ್ನು, ಸವರಿದ ಕಡೆ ಬೆಳ್ಳಗೆ ಮಾಡೋ ಡಾಡ್ಜ್ ಟೂಲಿನಲ್ಲಿ ಹತ್ತು ಪರ್ಸೆಂಟಿಗೆ ಇಟ್ಟು ಎರಡೇ ಸಲ ಸವರಿ ಬಿಟ್ಟೆ. ಆ ಟೂಲಿನ ಲಾಲಿಪಾಪಿನಂಥ ಗುರುತು ಫೋಟೋ ತೊಳೆಯೋ ಕತ್ತಲಕೋಣೆಯ ಕಾಲದ್ದು, ತಂತಿಗೆ ದುಂಡು ರಟ್ಟು ಅಂಟಿಸಿ ಪ್ರಿಂಟಿನ ಮೇಲೆ ಬೀಳೋ ಬೆಳಕನ್ನು ಅಷ್ಟು ಜಾಗದಲ್ಲಿ ತಡೀತಿದ್ದರಂತೆ. ದೊಡ್ಡಮ್ಮನ ಮದುವೆ ಕಾಲದಲ್ಲಿ ಸ್ಟುಡಿಯೋದವರು ನೆಗೆಟಿವ್ ಮೇಲೇ ಚೂಪು ಪೆನ್ಸಿಲ್ ಆಡಿಸ್ತಿದ್ದರು. ನೆಗೆಟಿವ್‌ನಲ್ಲಿ ನೆರಳಿನ ಜಾಗ ತೆಳ್ಳಗಿರುತ್ತೆ, ಅಲ್ಲಿ ಸೀಸ ಸವರಿದರೆ ಪ್ರಿಂಟ್‌ನಲ್ಲಿ ಬೆಳ್ಳಗೆ. ತಪ್ಪಾದರೆ ವಾಪಸು ತೆಗೆಯೋಕೆ ಅವರಿಗೆ ಕಂಟ್ರೋಲ್ ಝಡ್ ಇರಲಿಲ್ಲ.

ಅಂಗಳದಿಂದ ಆರು ಹೆಜ್ಜೆ ಹಿಂದಕ್ಕೆ ಹೋಗಿ ವರಾಂಡದ ಒಳಗೆ ನಿಂತಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಅಥವಾ ಊಟದ ಸಾಲಿಗೆ ಹಾಸೋಕಿಟ್ಟಿದ್ದ ಬಿಳೀ ಪೇಪರ್ ರೋಲನ್ನು ಬಿಸಿಲಿರೋ ಕಡೆ, ಕಾಲ ಮುಂದೆ ಬಿಚ್ಚಿದ್ದರೂ ಕೆಳಗಿನಿಂದ ಬೆಳಕು ಪುಟಿದು ಕಣ್ಣಿನ ಗುಳಿ ತುಂಬ್ತಿತ್ತು. ಮದುವೆ ಫೋಟೋದವರ ಹುಡುಗ ಥರ್ಮಕೋಲ್ ಶೀಟ್ ಹಿಡಿದು ನಿಲ್ಲೋದು ಇದಕ್ಕೇ. ಭಾವನಿಗೆ ಹೇಳಬೇಕು. ಹೇಳಿದರೆ ಬೇಜಾರು ಮಾಡ್ಕೋತಾರೆ. ಸಂಜೆ ತೆಗೆದ ಇನ್ನೊಂದು ಫೋಟೋದಲ್ಲಿ ಹೊಸಿಲ ಮುಂದಿನ ರಂಗೋಲಿ ಮೇಲೆ ಅವರದೇ ನೆರಳು, ಮೊಬೈಲ್ ಎತ್ತಿದ ಎರಡು ಮೊಣಕೈ ಕೋಣದ ಕೊಂಬಿನ ಹಾಗೆ. ಅದನ್ನು ಮುಟ್ಟೋದಿಲ್ಲ. ಸಗಣಿ ಸಾರಿಸಿದ ನೆಲ ಕ್ಲೋನ್ ಮಾಡಬಹುದು, ಅಕ್ಕ ಹಾಕಿದ ರಂಗೋಲಿ ಎಳೆ ಎಳೆ ನನ್ನಿಂದಾಗಲ್ಲ.

ಇವತ್ತು ಬೆಳಿಗ್ಗೆ ಅಕ್ಕನಿಗೆ ಕಳಿಸಿದೆ, ಡಾಕ್ಯುಮೆಂಟ್ ಆಗಿಯೇ. ಹತ್ತು ನಿಮಿಷದಲ್ಲಿ ಫೋನು.

"ಅಮ್ಮ ಎಷ್ಟು ಚೆನ್ನಾಗಿ ಬಂದಿದ್ದಾಳೆ! ದೊಡ್ಡಮ್ಮ ಅಂತೂ ಲಕ್ಷಣವಾಗಿದ್ದಾರೆ." ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ದೊಡ್ಡದು ಮಾಡಿ ನೋಡ್ತಿದ್ದಾಳೆ ಅಂತ ಗೊತ್ತಾಯಿತು. ನನಗೆ ಶುಕ್ರವಾರವೇ ಗೊತ್ತಿತ್ತು, ಸುಮ್ಮನಿದ್ದೆ.

"ಏನೇ ಇದು? ನಾನು ಕಣ್ಣು ಮುಚ್ಕೊಂಡಿದ್ದೀನಿ!"

ಹೌದು, ಮುಚ್ಕೊಂಡಿದ್ದಾಳೆ. ನೆತ್ತಿ ಮೇಲಿನ ಬಿಸಿಲಿಗೆ ಯಾರಾದರೂ ಮುಚ್ತಾರೆ. ಹದಿನೆಂಟು ದಿನ ಆ ಕಪ್ಪು ಗುಳಿಯೊಳಗೆ ಅದು ಯಾರಿಗೂ ಕಂಡಿರಲಿಲ್ಲ, ಅವಳಿಗೂ.

"ತೆರೆಸೋಕೆ ಆಗಲ್ವಾ?"

"ಅಷ್ಟೆಲ್ಲ ನನಗೆ ಬರಲ್ಲಕ್ಕ."

"ಹಾಗಾದ್ರೆ ನನ್ನ ಮುಖಕ್ಕೆ ಮಾತ್ರ ಮೊದಲಿನ ಹಾಗೇ ಕತ್ತಲು ಮಾಡಿಬಿಡು."

ಅಕ್ಕನ ಮುಖದ್ದು ಬೇರೆಯೇ ಲೇಯರ್ ಇತ್ತು, ಪುಣ್ಯಕ್ಕೆ. ಅದರ ಪಕ್ಕದ ಕಣ್ಣಿನ ಗುರುತು ಒತ್ತಿ ಆ ಲೇಯರನ್ನು ಮರೆ ಮಾಡಿದೆ. ಮೀಸೆಯೂ ವಾಪಸು ಬಂತು. ಅದನ್ನಿನ್ನೂ ಅವಳು ನೋಡಿದ ಹಾಗಿಲ್ಲ.